ಕೆಂಪು ಹಗ್ಗ, ಹಸಿರು ಹಗ್ಗ

ತೊಗರ್ಸಿ,
೬ ಫೆಬ್ರವರಿ ೨೦೨೬, ಶುಕ್ರವಾರ

ಚಿರಂಜೀವಿ ಪ್ರಕಾಶನಿಗೆ,

ಅಪ್ಪನ ಆಶೀರ್ವಾದ. ಬೇಡ ಅನ್ನಿಸಿದರೆ ಆಶೀರ್ವಾದವನ್ನು ಬದಿಗಿಡು, ಕಾಗದವನ್ನು ಮಾತ್ರ ಪೂರ್ತಿ ಓದು. ನಿನ್ನ ಆರೋಗ್ಯ ಹೇಗಿದೆ? ಚಿಕ್ಕಂದಿನಿಂದಲೂ ಚಳಿಗೆ ನಿನಗೆ ಗಂಟಲು ಕಟ್ಟುತ್ತದೆ. ದಾಂಡೇಲಿ ಕಾಡಿನ ಚಳಿ ನಮ್ಮ ಕಡೆಯದಕ್ಕಿಂತ ಜೋರಂತೆ. ಬಿಸಿನೀರು ಕುಡಿ. ಇಲ್ಲಿ ನಿನ್ನ ಅವ್ವನ ಮಂಡಿನೋವು ಇದ್ದ ಹಾಗೇ ಇದೆ. ಶಿಕಾರಿಪುರದ ಡಾಕ್ಟರು ಕೊಟ್ಟ ಮಾತ್ರೆಯನ್ನು ನನ್ನ ಎದುರಿಗೆ ನುಂಗಿದ ಹಾಗೆ ಮಾಡಿ, ನಾನು ಆಚೆ ಹೋದ ಮೇಲೆ ಉಗುಳುತ್ತಾಳೆ ಎಂದು ನನಗೆ ಅನುಮಾನ. ನನ್ನ ಸಕ್ಕರೆ ಏರಿದೆ. ಅದು ಏರಲಿ, ಈ ಮನೆಯಲ್ಲಿ ಏರುತ್ತಿರುವುದು ಅದೊಂದೇ. ನೀನಂತೂ ನನ್ನ ಫೋನು ಎತ್ತುವುದಿಲ್ಲ. ನವೆಂಬರಿನಿಂದ ಲೆಕ್ಕವಿಲ್ಲದಷ್ಟು ಸಲ ಮಾಡಿದ್ದೇನೆ, ಒಂದು ಸಲವೂ ರಿಂಗ್ ಆಗುವುದಿಲ್ಲ. ಹಾಗೆಂದರೆ ನಂಬರು ಬ್ಲಾಕ್ ಮಾಡಿದ್ದಾನೆ ಎಂದು ಅರ್ಥ ಅಂತ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯವನು ಹೇಳಿದ. ಹೇಳುವಾಗ ಅವನ ಮುಖದಲ್ಲಿ ನಗು ಇತ್ತು. ಅಪ್ಪನಿಗೆ ಆಗಬೇಕಾದದ್ದೇ ಆಯಿತು, ಬಿಡು.

ನಿನ್ನೆ ಸಂಜೆ ನಮ್ಮ ಗುಡ್ಡಪ್ಪನ ಮಗ ಮಹಾಂತೇಶ ಬಂದು ನಿನ್ನ ಸುದ್ದಿ ಹೇಳಿದ. ಮೂರು ತಿಂಗಳು ಆ ರೆಸಾರ್ಟಿನ ಅಡುಗೆಮನೆಯಲ್ಲಿ ತರಕಾರಿ ಹೆಚ್ಚಿಕೊಂಡಿದ್ದವನು ಬರುವ ಸೋಮವಾರದಿಂದ ಮತ್ತೆ ಮರ ಹತ್ತಲು ಒಪ್ಪಿಕೊಂಡಿದ್ದೀಯಂತೆ. ಬಂದವರಿಗೆ ಮರ ಹತ್ತಿಸಿ, ಹಗ್ಗದಲ್ಲಿ ತೂಗಿ ಒಂದು ಮರದಿಂದ ಇನ್ನೊಂದಕ್ಕೆ ದಾಟಿಸುವ ಕೆಲಸವಂತೆ. ಅವರ ಹಗ್ಗದ ಮೇಲೆ ನಂಬಿಕೆ ಇಲ್ಲ, ನನ್ನದೇ ಹೊಸದು ಇದೆ ಎಂದು ಆ ಹಸಿರು ಹಗ್ಗವನ್ನು ಚೀಲದಿಂದ ತೆಗೆದು ತೋರಿಸಿದೆಯಂತೆ. ಮೊದಲು ನಾನು ಹತ್ತಿ, ನಾನು ತೂಗಿ, ಆಮೇಲೆ ಬೇರೆಯವರನ್ನು ಬಿಡುತ್ತೇನೆ ಎಂದೆಯಂತೆ. ನಿನ್ನ ಅವ್ವ ಕೇಳಿದ ಕೂಡಲೇ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ನನಗೆ ಕುಳಿತಲ್ಲಿಂದ ಏಳಲು ಆಗಲಿಲ್ಲ. ಯಾಕೆ ಎಂಬುದನ್ನು ಹೇಳುವುದಕ್ಕೇ ಈ ಕಾಗದ. ಆದರೆ ಬೆಳಗ್ಗೆಯಿಂದ ಎರಡು ಹಾಳೆ ಹರಿದು ಹಾಕಿದ್ದೇನೆ, ಮಾತು ನೇರವಾಗಿ ಬರುತ್ತಿಲ್ಲ. ಮಹಾಂತೇಶ ಮಧ್ಯಾಹ್ನ ಮೂರಕ್ಕೆ ಪಿಕಪ್ಪಿನಲ್ಲಿ ಕುರಿ ತುಂಬಿಕೊಂಡು ಹಳಿಯಾಳಕ್ಕೆ ಹೊರಡುತ್ತಾನೆ, ನಾಳೆ ನಿನ್ನನ್ನು ನೋಡುತ್ತಾನಂತೆ. ಅವನ ಕೈಗೆ ಕೊಡಬೇಕು. ತನ್ನ ತಂಗಿ ಕೋಲು ಹಿಡಿದು ನಡೆಯುವ ಹಾಗಾದರೂ ನಿನ್ನನ್ನು ಹುಡುಕಿಕೊಂಡು ಬಂದು ಊಟ ಮಾಡಿದ್ಯಾ ಎಂದು ಕೇಳುವ ಹುಡುಗ ಅವನು. ನಿನ್ನ ಸ್ವಂತ ಅಪ್ಪ ಹಾಗೆ ಕೇಳಿಕೊಂಡು ಬರಲಿಲ್ಲ. ಇದನ್ನು ನೀನು ಹೇಳುವ ಮೊದಲು ನಾನೇ ಬರೆದುಬಿಟ್ಟೆ.

ನಿನ್ನ ಈ ವಿದ್ಯೆ ನನಗೆ ಎಂದೂ ಹಿಡಿಸಲಿಲ್ಲ, ಅದು ನಿನಗೆ ಗೊತ್ತು. ಮೂರನೇ ಕ್ಲಾಸಿನಲ್ಲಿ ಮರಕೋತಿ ಆಡಿ ಅಂಗಿ ಹರಿದುಕೊಂಡು ಬಂದಾಗ ನಾಲ್ಕು ಬಿಟ್ಟೆ. ಆಟದ ಕಳ್ಳ ಎಸೆದ ಕೋಲನ್ನು ತರುವುದರೊಳಗೆ ಉಳಿದ ಹುಡುಗರು ಒಂದು ಕೊಂಬೆ ಹತ್ತಿದರೆ ನೀನು ಮರದ ತುದಿಯಲ್ಲಿರುತ್ತಿದ್ದೆ. ಆಮೇಲೆ ರಜೆಗೆ ಜಡೆ ಊರಿನ ನಿನ್ನ ಸೋದರಮಾವನ ಮನೆಗೆ ಕಳಿಸಿದ್ದೇ ತಪ್ಪಾಯಿತು. ಅಲ್ಲಿ ಅಡಿಕೆ ಕೊನೆ ಇಳಿಸುವ ದೊಡ್ಡಬೀರಪ್ಪ ಮರದ ಮೇಲೆ ಕುಳಿತು, ಮರವನ್ನೇ ತೂಗಿ, ಪಕ್ಕದ ಮರಕ್ಕೆ ಹಾರುವುದನ್ನು ನೋಡಿ ಬಂದವನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಡಿಗ್ರಿ ಮುಗಿಸಿದೆ. ನನ್ನ ಜೊತೆ ಮೆಕ್ಕೆಜೋಳ ನೋಡಿಕೊಂಡು, ಮಂಡಿಗೆ ಬಂದು ನಿಲ್ಲುತ್ತೀಯ ಎಂದುಕೊಂಡೆ. ನೀನು ಎಲ್ಲೋ ಹೋಗಿ ಮರ ಹತ್ತುವುದಕ್ಕೆ ತರಬೇತಿ ಪಡೆದು ಬಂದೆ, ಅದಕ್ಕೊಂದು ಸರ್ಟಿಫಿಕೇಟು ಬೇರೆ. ಕೋತಿಗೆ ಸರ್ಟಿಫಿಕೇಟ್ ಕೊಡುವ ಕಾಲ ಬಂತಲ್ಲ ಎಂದು ಮಂಡಿಯಲ್ಲಿ ಎಲ್ಲರ ಎದುರು ನಾನೇ ನಗಾಡಿದೆ. ಅವರು ನಗುವ ಮೊದಲು ನಾನು ನಕ್ಕರೆ ಮರ್ಯಾದೆ ಉಳಿಯುತ್ತದೆ ಎಂಬ ಲೆಕ್ಕ ನನ್ನದು.

ಆದರೂ ನಮ್ಮ ಹೊಲದ ಬದುವಿನ ಏಳು ಹುಣಸೆಮರಗಳನ್ನು ನಿನಗೆ ಬಿಟ್ಟುಕೊಟ್ಟೆ. ಭಾನುವಾರ ಬಂತೆಂದರೆ ಶಿಕಾರಿಪುರದ ಕಾಲೇಜು ಹುಡುಗರು, ಮೇಷ್ಟ್ರುಗಳು, ಬ್ಯಾಂಕಿನ ಒಬ್ಬಳು ಅಮ್ಮ ಸಹ ಬಂದು ಹೆಲ್ಮೆಟ್ ಹಾಕಿಕೊಂಡು, ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ನಮ್ಮ ಮರ ಹತ್ತುತ್ತಿದ್ದರು. ಮರಕ್ಕೆ ಒಂದು ಮೊಳೆ ಹೊಡೆಯಲು ನೀನು ಬಿಡಲಿಲ್ಲ. ಹಗ್ಗ ಸುತ್ತುವ ಕಡೆ ತೊಗಟೆಗೆ ಗೋಣಿಚೀಲ ಕಟ್ಟಿದೆ. ಒಂದೇ ಹಗ್ಗಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ, ಜೊತೆಗೆ ಕಾವಲಿಗೆ ಎಂದು ಇನ್ನೊಂದು. ತೂಗುವ ಮೊದಲು ನೀನು ಕೂಗುವುದು, ಅವರು ಉತ್ತರ ಕೊಡುವುದು. ಕೊಂಡಿ? ನೋಡಿದೆ. ಗಂಟು? ನೋಡಿದೆ. ಹಗ್ಗ? ನೋಡಿದೆ. ಇದೇನು ಮದುವೆಮಂತ್ರವೇನೋ ಎಂದು ಬದುವಿನ ಮೇಲೆ ಕುಳಿತು ನಾನು ಗೊಣಗುತ್ತಿದ್ದೆ. ನಿಜ ಹೇಳುತ್ತೇನೆ, ಪ್ರಕಾಶ. ಮೂರು ಮರ ದಾಟಿ, ಕಾಲು ಚಾಚಿ, ಹಕ್ಕಿಯ ಹಾಗೆ ಬಂದು ಕೊಂಬೆಯ ಮೇಲೆ ನೀನು ಇಳಿಯುವುದನ್ನು ನೋಡುವುದಕ್ಕೇ ನಾನು ಅಲ್ಲಿಗೆ ಬರುತ್ತಿದ್ದೆ. ಎಮ್ಮೆ ನೋಡಲು ಬಂದೆ ಎಂದು ಸುಳ್ಳು ಹೇಳುತ್ತಿದ್ದೆ. ಎಮ್ಮೆ ಮನೆಯಲ್ಲೇ ಕಟ್ಟಿರುತ್ತಿತ್ತು.

ಹಗ್ಗದ ವಿಷಯದಲ್ಲಿ ನಿನ್ನ ಮಡಿ ನಿನ್ನ ಅಜ್ಜಿಯ ಮಡಿಗಿಂತ ಹೆಚ್ಚು. ನೆಲದ ಮೇಲೆ ಇಡಬಾರದು, ಬಿಸಿಲಿಗೆ ಒಣಗಿಸಬಾರದು, ಚೀಲದಲ್ಲಿ ಹಾಕಿ ನಡುಮನೆಯ ಮೊಳೆಗೇ ನೇತುಹಾಕಬೇಕು, ಯಾರೂ ಮುಟ್ಟಬಾರದು. ಹೋದ ಬೇಸಿಗೆಯಲ್ಲಿ ಒಂದು ಸಲ ನಾನು ಕಾಣದೆ ಹಗ್ಗ ತುಳಿದೆ. ಶಿಕಾರಿಪುರದಿಂದ ಬಂದ ಹತ್ತು ಜನರ ಎದುರು ನೀನು ನನ್ನ ಮೇಲೆ ರೇಗಿದೆ. ಅಪ್ಪಾ, ಕಣ್ಣಿಲ್ವಾ ನಿನಗೆ, ಇದರ ಮ್ಯಾಲೆ ಜನರ ಜೀವ ಐತಿ ಎಂದೆ. ನೀನು ಹೇಳಿದ್ದು ಸರಿಯೇ. ಆದರೆ ಅರವತ್ತೆರಡು ವರ್ಷದವನಿಗೆ ಹತ್ತು ಜನರ ಎದುರು ಹಾಗೆ ಅನ್ನಿಸಿಕೊಂಡದ್ದು ಮರೆಯುವುದಿಲ್ಲ. ಅಂದಿನಿಂದ ನಿನ್ನ ಹಗ್ಗದ ಸುದ್ದಿಯಲ್ಲಿ ನಿನಗೆ ಹೆದರುವುದನ್ನು ಕಲಿತೆ. ಇದನ್ನು ಇಲ್ಲಿ ಬರೆದದ್ದಕ್ಕೆ ಕಾರಣವಿದೆ, ನೆನಪಿಟ್ಟುಕೋ.

ಆ ಭಾನುವಾರದ್ದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ಆದರೂ ನಾನು ಕಂಡದ್ದನ್ನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ, ಅದಕ್ಕೆ ಬರೆಯುತ್ತೇನೆ. ದೀಪಾವಳಿ ಕಳೆದು ಎರಡನೇ ಭಾನುವಾರ. ಹಳೆಯ ಹಗ್ಗಕ್ಕೆ ಕಾಲ ತುಂಬಿತು, ಇನ್ನು ಅದು ಕಾವಲಿಗೆ ಮಾತ್ರ ಎಂದು ದಸರೆಗೆ ಮೊದಲೇ ನೀನು ಎರಡು ಹೊಸ ಹಗ್ಗ ತರಿಸಿಟ್ಟಿದ್ದೆ, ಒಂದು ಕೆಂಪು, ಒಂದು ಹಸಿರು. ಅಂದು ಕೆಂಪು ಹಗ್ಗವನ್ನು ಮೊದಲ ಸಲ ಬಿಚ್ಚಿದೆ. ಗೇಣುಗೇಣಿಗೂ ಬೆರಳಾಡಿಸಿ ನೋಡಿದೆ. ನಾನು ಬದುವಿನ ಮೇಲಿಂದ ಕಂಡಿದ್ದೇನೆ, ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಎರಡು ಸಲ ನೀನೇ ತೂಗಿದೆ. ಆಮೇಲೆ ಗುಡ್ಡಪ್ಪನ ಮಗಳು ಪವಿತ್ರ ಬಂದಳು. ಎರಡನೇ ಪಿಯುಸಿಯ ಹುಡುಗಿ, ಕುರಿ ಹಿಂದೆ ಓಡಾಡಿ ಬೆಳೆದವಳು, ನಿನ್ನ ಶಿಷ್ಯರಲ್ಲಿ ಅವಳೇ ಗಟ್ಟಿ. ಕೊಂಡಿ, ಗಂಟು, ಹಗ್ಗ, ಮೂರಕ್ಕೂ ನೋಡಿದೆ ನೋಡಿದೆ ಎಂದು ನಗುತ್ತ ಕೂಗಿ ಮರ ಬಿಟ್ಟಳು. ನಡುದಾರಿಯಲ್ಲಿ ಕೆಂಪು ಹಗ್ಗ ಕಡಿಯಿತು. ಸದ್ದು ಕೂಡ ದೊಡ್ಡದಾಗಿ ಬರಲಿಲ್ಲ. ನಿನ್ನ ಹಳೆಯ ಹಗ್ಗ ಅವಳನ್ನು ಹಿಡಿಯಿತು, ಹಿಡಿದದ್ದಕ್ಕೇ ಆ ಹುಡುಗಿ ಬದುಕಿದಳು. ಆದರೆ ಅಡ್ಡಕ್ಕೆ ತೂಗಿ ಹೋಗಿ ಕಾಂಡಕ್ಕೆ ಸೊಂಟ ಬಡಿಯಿತು. ಅವಳು ಕೂಗಲಿಲ್ಲ. ಕೂಗಿದವನು ನೀನು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಗುಡ್ಡಪ್ಪ, ಅವನ ಹೆಂಡತಿ ಗುತ್ಯಮ್ಮ, ಊರಿನ ಏಳೆಂಟು ಜನ ನಿಂತಿದ್ದಾಗ ನಾನು ಆಡಿದ ಮಾತು ನಿನ್ನ ಕಿವಿಯಲ್ಲಿ ಇನ್ನೂ ಇರಬೇಕು. ನಿನ್ನ ಮಂಗನಾಟಕ್ಕೆ ಕೂಸಿನ ಸೊಂಟ ಮುರದ್ಯಲ್ಲೋ, ಗಂಟು ಹಾಕಾಕ ಬರದವ್ನು ಯಾಕ್ ಬೇಕಿತ್ತಲೇ ನಿನಗ ಇದು ಎಂದೆ. ಗಂಟು ಬಿಚ್ಚಿರಲಿಲ್ಲ, ಹಗ್ಗ ಕಡಿದಿತ್ತು, ಅದು ನಿನಗೂ ಗೊತ್ತಿತ್ತು. ಆದರೂ ನೀನು ತಲೆ ತಗ್ಗಿಸಿ ಕೇಳಿಕೊಂಡೆ. ಅಲ್ಲಿದ್ದವರು ಅದನ್ನು ಊರಿಗೆ ಹೊತ್ತು ತಂದರು. ಮಹೇಶ್ವರಪ್ಪನೇ ಹೇಳಿದ್ದಾನಲ್ಲ, ಮಗನಿಗೆ ಗಂಟು ಹಾಕಲು ಬರುತ್ತಿರಲಿಲ್ಲವಂತೆ ಎಂದು ಇವತ್ತಿಗೂ ಹೇಳುತ್ತಾರೆ. ನಾನು ಎಲ್ಲಿಯೂ ತಿದ್ದಿಲ್ಲ. ಹದಿಮೂರನೇ ದಿನ ನೀನು ಚೀಲ ಹೆಗಲಿಗೇರಿಸಿ ಹೊರಟೆ. ಆ ಹಸಿರು ಹಗ್ಗವನ್ನು ಮಾತ್ರ ಮೊಳೆಯಿಂದ ಇಳಿಸಿಕೊಂಡು ಹೋದೆ. ನಿನ್ನ ಅವ್ವ ಬಾಗಿಲಲ್ಲಿ ನಿಂತು ಅತ್ತಳು, ನಾನು ಒಳಗೆ ಪೇಪರ್ ಓದುವವನ ಹಾಗೆ ಕುಳಿತಿದ್ದೆ. ಅದು ಹಿಂದಿನ ದಿನದ ಪೇಪರು.

ಗುಡ್ಡಪ್ಪ ಪೊಲೀಸಿಗೆ ಹೋಗಲಿಲ್ಲ. ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಿ ಹಗುರಾಗಬಹುದಿತ್ತು. ಅವನು ಮನೆಗೆ ಬಂದು ಗೌಡ್ರೆ, ಹುಡುಗನ್ನ ಬೈಬ್ಯಾಡ್ರಿ, ನಮ್ಮ ಹುಡುಗಿ ಹಣೇಬರ ಎಂದು ನನಗೇ ಸಮಾಧಾನ ಹೇಳಿದ. ಒಬ್ಬ ಮನುಷ್ಯನಿಗೆ ಇಷ್ಟು ಒಳ್ಳೆಯತನ ಯಾಕೆ ಬೇಕು ಹೇಳು? ಪವಿತ್ರ ಈಗ ಕೋಲು ಹಿಡಿದು ಮನೆಯಿಂದ ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತಾಳೆ. ಎಡಗಾಲು ಎಳೆಯುತ್ತದೆ. ಮುಂದಿನ ತಿಂಗಳು ಪರೀಕ್ಷೆಗೆ ಕೂರುತ್ತಾಳಂತೆ. ಪೊಲೀಸ್ ಕೆಲಸಕ್ಕೆ ಸೇರಬೇಕು ಎಂದು ಓಡುವುದನ್ನು ಅಭ್ಯಾಸ ಮಾಡುತ್ತಿದ್ದಳಲ್ಲ, ಅದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಡಿಸೆಂಬರಿನಲ್ಲಿ ನಾನು ಆ ಹುಣಸೆಮರಗಳನ್ನು ಕಡಿಸಲು ಆಳು ಕರೆಸಿದೆ. ಅವಳು ಕುಂಟುತ್ತ ಹೊಲದ ತನಕ ಬಂದು, ದೊಡ್ಡಪ್ಪಾ, ಮರ ಏನ್ ಮಾಡೇತ್ರಿ, ಪ್ರಕಾಶಣ್ಣ ವಾಪಸ್ ಬಂದ್ರ ಎಲ್ಲಿ ಹತ್ತಬೇಕು ಎಂದಳು. ಆಳುಗಳನ್ನು ವಾಪಸ್ ಕಳಿಸಿದೆ.

ನೀನು ಹೋದ ಮೇಲೆ ಜಡೆಯಿಂದ ದೊಡ್ಡಬೀರಪ್ಪ ಬಂದಿದ್ದ. ಎಪ್ಪತ್ತು ದಾಟಿದವನು, ಎರಡು ಬಸ್ಸು ಬದಲಿಸಿಕೊಂಡು ಬಂದ. ಕಡಿದ ಕೆಂಪು ಹಗ್ಗ ಕೇಳಿದ, ಕೊಟ್ಟೆ. ತುದಿಯನ್ನು ಉಗುರಿನಲ್ಲಿ ಕೆರೆದು, ಮೂಗಿಗೆ ಹಿಡಿದು, ಬಹಳ ಹೊತ್ತು ನೋಡಿದ. ಇದು ತಿಕ್ಕಿ ಹರಿದ ಹಗ್ಗ ಅಲ್ಲ ಮಾರಾಯ್ರೆ, ಇದನ್ನ ಏನೋ ತಿಂದದೆ, ನಿಮ್ಮ ಹುಡುಗನ ಕೈಯಿಂದ ಆದದ್ದಲ್ಲ ಎಂದ. ನಾನು ಇಲಿ ಇರಬೇಕು ಎಂದೆ. ಅವನು ನನ್ನ ಮುಖ ನೋಡಿದ. ಇಲಿಯ ಹಲ್ಲು ಹೀಗೆ ಇರೂದಿಲ್ಲ ಎಂದು ಅಷ್ಟೇ ಹೇಳಿ, ಚಹಾ ಕುಡಿಯದೆ ಹೋದ. ಅವನು ಬಂದದ್ದನ್ನಾಗಲಿ ಹೇಳಿದ್ದನ್ನಾಗಲಿ ನಾನು ಊರಲ್ಲಿ ಯಾರಿಗೂ ತಿಳಿಸಲಿಲ್ಲ. ಒಂದು ಮಾತು ಆಚೆ ಬಿಟ್ಟಿದ್ದರೆ ಸಾಕಿತ್ತು, ನಿನ್ನ ಮೇಲಿನ ಮಾತು ಅಂದೇ ಇಳಿಯುತ್ತಿತ್ತು. ನಿನ್ನ ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಾಳೋ ಏನೋ ಗೊತ್ತಿಲ್ಲ. ಅಂದಿನಿಂದ ನನ್ನ ತಟ್ಟೆಗೆ ಅನ್ನ ಹಾಕುವಾಗ ಅವಳು ಮಾತಾಡುವುದಿಲ್ಲ.

ಬರುವ ವಾರ ಶಿವರಾತ್ರಿ. ಮಲ್ಲಿಕಾರ್ಜುನನ ಗುಡಿಗೆ ನಿನ್ನ ಹೆಸರಿನಲ್ಲಿ ಬಿಲ್ವ ಕೊಡುತ್ತೇನೆ ಎಂದು ಅವಳು ಹರಕೆ ಹೊತ್ತಿದ್ದಾಳೆ. ಮಹಾಂತೇಶನ ಕೈಯಲ್ಲಿ ಶೇಂಗಾ ಚಟ್ನಿಪುಡಿ, ಹತ್ತು ಖಡಕ್ ರೊಟ್ಟಿ, ನಿನ್ನ ಸ್ವೆಟರು ಕಳಿಸುತ್ತಿದ್ದಾಳೆ. ಕಾಗದ ಏನ್ ಬರೀತೀರಿ, ನೀವೇ ಹೋಗಿ ಕರ್ಕೊಂಡ್ ಬರ್ರಿ ಎಂದು ಬೆಳಗ್ಗೆಯಿಂದ ನಾಲ್ಕು ಸಲ ಹೇಳಿದಳು. ನಿನ್ನ ಎದುರು ನಿಂತರೆ ನಾನು ಮತ್ತೆ ಬೈದು ಬರುತ್ತೇನೆಯೇ ಹೊರತು ಹೇಳಬೇಕಾದದ್ದನ್ನು ಹೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲ. ಇಷ್ಟು ಬರೆದರೂ ಹೇಳಿಲ್ಲವಲ್ಲ, ನೋಡು. ನಿನಗೆ ಒಳ್ಳೆಯದಾಗಲಿ. ನೆಲದ ಮೇಲಿರು, ಮರದ ಮೇಲಿರು, ಗಟ್ಟಿಯಾಗಿರು. ಆ ಮಲ್ಲಿಕಾರ್ಜುನ ನನ್ನ ಮುಖ ನೋಡದಿದ್ದರೂ ನಿನ್ನನ್ನು ನೋಡಿಕೊಳ್ಳಲಿ.

ನಿನ್ನ ಅಪ್ಪ,
ಮಹೇಶ್ವರಪ್ಪ

ತಾ.ಕ.: ಪಿಕಪ್ಪು ಬಾಗಿಲಿಗೆ ಬಂತು, ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನೇ ಮೊದಲು ಬರೆಯಬೇಕಿತ್ತು. ಹಸಿರು ಹಗ್ಗಕ್ಕೆ ನೀನು ಜೋತುಬೀಳಬೇಡ, ಯಾರನ್ನೂ ಜೋತುಬೀಳಿಸಬೇಡ. ಸುಮ್ಮನೆ ಬೇಡ ಎಂದರೆ ನೀನು ಕೇಳುವುದಿಲ್ಲ, ಅಪ್ಪನ ಹಳೆಯ ಹಟ ಎನ್ನುತ್ತೀಯ, ಅದಕ್ಕೆ ಕಾರಣ ಹೇಳುತ್ತೇನೆ. ಆಯುಧ ಪೂಜೆಯ ದಿನ ನೀನು ಶಾಲೆ ಮಕ್ಕಳಿಗೆ ಹತ್ತುವುದು ಕಲಿಸಲು ಜಡೆಗೆ ಹೋಗಿದ್ದೆ. ಟ್ರ್ಯಾಕ್ಟರು, ನೇಗಿಲು, ಔಷಧಿ ಹೊಡೆಯುವ ಪಂಪು, ಕುಡುಗೋಲು ಎಲ್ಲ ಇಟ್ಟು ಪೂಜೆಗೆ ಕುಳಿತಾಗ, ನನ್ನ ಮಗನಿಗೆ ಅನ್ನ ಕೊಡುವ ವಸ್ತುವಿಗೂ ಪೂಜೆಯಾಗಲಿ ಎಂದು ಮೊದಲ ಸಲ ಅನ್ನಿಸಿತು. ಚೀಲ ಇಳಿಸಿ ಎರಡೂ ಹೊಸ ಹಗ್ಗ ತೆಗೆದೆ. ನೆಲದ ಮೇಲೆ ಇಟ್ಟರೆ ನೀನು ಬೈಯುತ್ತೀಯ ಎಂದು, ಚಾರ್ಜಿಗೆಂದು ಬಿಚ್ಚಿಟ್ಟಿದ್ದ ಟ್ರ್ಯಾಕ್ಟರಿನ ಬ್ಯಾಟರಿಯ ಮೇಲೆ ಕೆಂಪು ಬಟ್ಟೆ ಹಾಸಿ, ಅದರ ಮೇಲೆ ಎರಡನ್ನೂ ಸಿಂಬೆಯ ಹಾಗೆ ಸುತ್ತಿಟ್ಟೆ. ಹಗ್ಗಕ್ಕೆ ಬಣ್ಣ ತಾಗಬಾರದೆಂದು ಕುಂಕುಮವನ್ನು ಬಟ್ಟೆಗೆ ಹಚ್ಚಿದೆ. ಪೂಜೆಯಾದ ಆಯುಧ ಮಾರನೆಯ ದಿನದ ತನಕ ಮುಟ್ಟಬಾರದಲ್ಲ, ರಾತ್ರಿಯೆಲ್ಲ ಅಲ್ಲೇ ಇದ್ದವು. ಬೆಳಗ್ಗೆ ನೀನು ಬರುವುದರೊಳಗೆ, ಮುಟ್ಟಿದ್ದು ಗೊತ್ತಾದರೆ ಮತ್ತೆ ರೇಗುತ್ತೀಯ ಎಂದು ಹೆದರಿ, ಇದ್ದ ಹಾಗೇ ಚೀಲಕ್ಕೆ ಹಾಕಿ ಮೊಳೆಗೆ ತೂಗಿದೆ. ಸಂಕ್ರಾಂತಿಗೆ ಆ ಬಟ್ಟೆ ತೆಗೆದು ಕೊಡವಿದರೆ ಕೈಯಲ್ಲಿ ಪುಡಿಯಾಯಿತು, ಬ್ಯಾಟರಿಯ ಆಸಿಡ್ ತಿಂದು ತೂತು ತೂತು. ದೊಡ್ಡಬೀರಪ್ಪ ಹೇಳಿದ್ದು ಆಗ ಪೂರ್ತಿ ಅರ್ಥವಾಯಿತು. ಮೂರು ವಾರದಿಂದ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ, ಹೇಗೂ ನೀನು ಹಗ್ಗ ಮುಟ್ಟುವುದಿಲ್ಲವಲ್ಲ ಎಂದು. ನಿನ್ನ ಗಂಟು ಸರಿ ಇತ್ತು. ನಿನ್ನ ಕಣ್ಣು ಸರಿ ಇತ್ತು. ಹಗ್ಗ? ಎಂದು ನೀನು ಕೂಗಿ ಕೇಳಿದಾಗ ಉತ್ತರ ಕೊಡಬೇಕಾದವನು ಬದುವಿನ ಮೇಲೆ ಕುಳಿತಿದ್ದ.

ಮಹಾಂತೇಶನಿಗೆ ಏನೂ ಗೊತ್ತಿಲ್ಲ. ಏನ್ ಗೌಡ್ರೆ, ಇಷ್ಟ್ ದಪ್ಪ ಐತಿ ಕಾಗ್ದ ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದಾನೆ. ಬುದ್ಧಿಮಾತು ಎಂದೆ. ಮೊದಲು ಅವನ ಎದುರಿಗೇ ಹಸಿರು ಹಗ್ಗವನ್ನು ತುಂಡು ತುಂಡು ಮಾಡು. ಆಮೇಲೆ ಈ ಕಾಗದವನ್ನು ಅವನ ಕೈಗೆ ಕೊಟ್ಟು ಓದಿಸು. ಅವನು ಊರಿಗೆ ಮರಳುವುದರೊಳಗೆ ಗುಡ್ಡಪ್ಪನ ಬಾಗಿಲಿಗೆ ಹೋಗಿ ನಾನೇ ಹೇಳಿರುತ್ತೇನೆ. ಹೇಳಿರದಿದ್ದರೆ, ಅವನೇ ಹೇಳಲಿ.